ಮನೆಯಲ್ಲಿ ಇರುವೆ ಕಾಟ: ಸಾಲು ಒರೆಸುವ ಮುಂಚೆ ಅದು ಎಲ್ಲಿಂದ ಬರುತ್ತಿದೆ ಅಂತ ನೋಡಿ

ಅಡುಗೆಮನೆ ಕಟ್ಟೆ ಮೇಲೆ ಇರುವೆ ಸಾಲು ಕಂಡರೆ ನಾವು ಮಾಡುವುದು ಎರಡೇ ಕೆಲಸ. ಒದ್ದೆ ಬಟ್ಟೆ ತಗೊಂಡು ಒರೆಸುತ್ತೇವೆ, ಇಲ್ಲಾಂದ್ರೆ ಸ್ಪ್ರೇ ಹೊಡೆಯುತ್ತೇವೆ. ಸ್ವಲ್ಪ ಹೊತ್ತು ನೆಮ್ಮದಿ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅದೇ ಸಾಲು, ಅದೇ ಜಾಗದಲ್ಲಿ, ಇಲ್ಲವೇ ಒಂದೆರಡು ಗೇಣು ಆಚೆ. ಕೆಲವರ ಮನೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತದೆ.

ಕಾರಣ ಸರಳ. ಕಣ್ಣಿಗೆ ಬೀಳುವ ಇರುವೆಗಳು ಗೂಡಿನ ಒಂದು ಸಣ್ಣ ಪಾಲು ಮಾತ್ರ. ತಿಂಡಿ ಹುಡುಕಲು ಹೊರಗೆ ಬರುವ ಕೆಲಸಗಾರ ಇರುವೆಗಳು ಅವು. ಉಳಿದ ಕೆಲಸಗಾರರು, ಮೊಟ್ಟೆ, ಮರಿಗಳು, ರಾಣಿ ಎಲ್ಲಾ ಒಳಗೇ ಇರುತ್ತವೆ. ಕಟ್ಟೆ ಮೇಲಿನ ನೂರು ಇರುವೆ ಸತ್ತರೂ ರಾಣಿ ಮೊಟ್ಟೆ ಇಡುತ್ತಲೇ ಇರುತ್ತದೆ. ಸುರಿಯುವ ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ ಅದು. ರಾಣಿಯ ಆಯಸ್ಸೂ ಕಡಿಮೆ ಏನಲ್ಲ. ತೋಟದ ಕಪ್ಪಿರುವೆಯ ಒಂದು ಜಾತಿಯಲ್ಲಿ, ಸಾಕಿಟ್ಟ ರಾಣಿಯೊಂದು 28 ವರ್ಷಕ್ಕೂ ಜಾಸ್ತಿ ಬದುಕಿದ ದಾಖಲೆ ಇದೆ. ಸುಮ್ನೆ ಕಾದರೆ ತಾನಾಗೇ ಮುಗಿಯುತ್ತದೆ ಅಂತ ಕೂರುವ ಹಾಗಿಲ್ಲ.

ಹಾಗಾಗಿ ಮೊದಲ ಮಾತು: ಸಾಲನ್ನು ಒರೆಸಬೇಡಿ. ಗೂಡು ಎಲ್ಲಿದೆ ಅಂತ ಹೇಳಲು ನಿಮ್ಮ ಹತ್ತಿರ ಇರುವ ಸುಳಿವು ಅದೊಂದೇ. ತಿನ್ನುವ ಪದಾರ್ಥ ಎಲ್ಲಾ ಮುಚ್ಚಿ ಎತ್ತಿಡಿ, ಸಾಲು ಮಾತ್ರ ಒಂದು ದಿನ ಹಾಗೇ ಇರಲಿ. ಕಚ್ಚುವ ಕೆಂಪಿರುವೆ ಮಗುವಿನ ಹಾಸಿಗೆ ಹತ್ತಿರ ಬಂದಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಇರುವೆ ಕಚ್ಚಿದರೆ ಅಲರ್ಜಿ ಆಗುತ್ತದೆ ಅಂದರೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಸೋಪು ನೀರಿನಲ್ಲಿ ಒರೆಸಿ, ಆಮೇಲೆ ಉಳಿದದ್ದು.

ಸಾಲು ಹಿಡಿದು ಹೋಗುವುದು

ತಿಂಡಿ ಸಿಕ್ಕ ಇರುವೆ ಗೂಡಿಗೆ ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಹೊಟ್ಟೆಯ ತುದಿಯಿಂದ ಒಂದು ವಾಸನೆ ಬಿಡುತ್ತಾ ಹೋಗುತ್ತದೆ. ಅದರ ಹೆಸರು ಫೆರೊಮೋನ್. ಹಿಂದೆ ಬರುವ ಇರುವೆಗಳು ಅದೇ ವಾಸನೆ ಹಿಡಿದು ನಡೆಯುತ್ತವೆ, ತಿಂಡಿ ಸಿಕ್ಕರೆ ತಾವೂ ಅದೇ ದಾರಿ ಮೇಲೆ ಇನ್ನಷ್ಟು ವಾಸನೆ ಬಿಡುತ್ತವೆ. ತಿಂಡಿ ಖಾಲಿಯಾದರೆ ಯಾರೂ ಬಿಡುವುದಿಲ್ಲ, ದಾರಿ ಕ್ರಮೇಣ ಆರಿಹೋಗುತ್ತದೆ.

ಈಗ ಒಂದು ಟಾರ್ಚ್ ತಗೊಳ್ಳಿ. ಬೆಳಕನ್ನು ಮೇಲಿಂದ ಬಿಡಬೇಡಿ, ಗೋಡೆಗೆ ತಾಗಿಸಿ ಓರೆಯಾಗಿ ಹಿಡಿಯಿರಿ. ಸಣ್ಣ ಇರುವೆಯ ನೆರಳೂ ಉದ್ದವಾಗಿ ಬೀಳುತ್ತದೆ, ಟೈಲ್ಸ್ ಸಂದಿನಲ್ಲಿ ಹೋಗುವ ಸಾಲು ಎದ್ದು ಕಾಣುತ್ತದೆ. ಸಾಲಿನಲ್ಲಿ ಎರಡೂ ಕಡೆಗೆ ಓಡಾಟ ಇರುತ್ತದೆ, ಹಾಗಾದರೆ ಗೂಡು ಯಾವ ಕಡೆ? ಹೊಟ್ಟೆ ನೋಡಿ. ಒಂದು ಕಡೆಯಿಂದ ಬರುವ ಇರುವೆಗಳ ಹೊಟ್ಟೆ ಸಣ್ಣಗೆ, ಒಂದೇ ಬಣ್ಣದಲ್ಲಿ ಇರುತ್ತದೆ. ಸಿಹಿ ಕುಡಿದು ಹಿಂತಿರುಗುವ ಇರುವೆಯ ಹೊಟ್ಟೆ ಉಬ್ಬಿರುತ್ತದೆ, ಹೊಟ್ಟೆಯ ಪಟ್ಟಿಗಳು ಒಂದಕ್ಕೊಂದು ದೂರ ಸರಿದು ನಡುವಿನ ತೆಳು ಚರ್ಮ ಬೆಳಕಿಗೆ ಹೊಳೆಯುತ್ತದೆ. ಆ ಉಬ್ಬಿದ ಹೊಟ್ಟೆಗಳು ಎತ್ತ ಹೋಗುತ್ತಿವೆಯೋ ಅತ್ತ ಗೂಡು. ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ವಿಡಿಯೋ ತೆಗೆದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗಟ್ಟಿ ತಿಂಡಿಯ ಚೂರು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದ್ದರಂತೂ ಕೆಲಸ ಇನ್ನೂ ಸುಲಭ.

ಸಾಲು ಕಡಿದುಹೋದ ಹಾಗೆ ಕಂಡರೆ ಒಂದು ಗಟ್ಟಿ ಕಾಗದದ ಮೇಲೆ ಎರಡು ಹನಿ ಜೇನು ಇಟ್ಟು ಕಾಯಿರಿ. ರಾತ್ರಿ ದೀಪ ಆರಿಸಿದ ಮೇಲೆ ಒಂದು ಸಲ ನೋಡಿ, ಯಾಕೆಂದರೆ ಕೆಲವು ಜಾತಿಗಳ ಓಡಾಟ ರಾತ್ರಿಯೇ ಜಾಸ್ತಿ. ಕೊನೆಗೆ ಸಾಲು ಯಾವುದೋ ಒಂದು ಸಂದಿನಲ್ಲಿ ಮಾಯವಾಗುತ್ತದೆ. ಕಿಟಕಿ ಚೌಕಟ್ಟಿನ ಅಂಚು, ಸಿಂಕ್ ಕೆಳಗೆ ಪೈಪು ಗೋಡೆ ಹೊಗುವ ತೂತು, ಬಾಗಿಲ ಹೊಸ್ತಿಲು, ಸ್ಕರ್ಟಿಂಗ್ ಹಿಂದೆ, ಸ್ವಿಚ್ ಬೋರ್ಡ್. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಈಗಲೇ ಮುಚ್ಚಲು ಹೋಗಬೇಡಿ, ಆ ತೂತು ಇನ್ನೂ ಬೇಕು.

ಎಲ್ಲಿ ಕಾಣಿಸುತ್ತದೆ, ಅದರಿಂದ ಏನು ಗೊತ್ತಾಗುತ್ತದೆ

ಸಾಲು ಕಿಟಕಿ ಅಥವಾ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತಿದ್ದರೆ ಗೂಡು ಅಂಗಳದಲ್ಲೋ, ಗೋಡೆ ಬುಡದ ಮಣ್ಣಿನಲ್ಲೋ, ಕಲ್ಲುಚಪ್ಪಡಿ ಕೆಳಗೋ ಇದೆ. ಇದು ಎಲ್ಲಕ್ಕಿಂತ ಸುಲಭದ ಕೇಸು. ಜೋರು ಮಳೆ ಬಂದ ಮೇಲೆ ಏಕಾಏಕಿ ಶುರುವಾಗಿದ್ದರೆ ಮಣ್ಣಿನ ಗೂಡಿಗೆ ನೀರು ನುಗ್ಗಿದೆ, ಅವು ಒಣ ಜಾಗ ಹುಡುಕಿಕೊಂಡು ಬಂದಿವೆ ಅಂತ ಅರ್ಥ. ಬಿರುಬೇಸಿಗೆಯಲ್ಲಿ ಬಂದಿದ್ದರೆ ನೀರಿಗೆ ಬಂದಿರಬಹುದು. ಆಗ ಸಿಹಿ ಪದಾರ್ಥ ಎಷ್ಟು ಮುಚ್ಚಿಟ್ಟರೂ ಸಿಂಕ್ ಹತ್ತಿರದ ಸಾಲು ನಿಲ್ಲುವುದಿಲ್ಲ. ತೊಟ್ಟಿಕ್ಕುವ ನಲ್ಲಿ, ಗಿಡದ ಕುಂಡದ ಕೆಳಗಿನ ತಟ್ಟೆಯ ನೀರು, ಫ್ರಿಜ್ ಹಿಂದಿನ ನೀರಿನ ಟ್ರೇ ನೋಡಿ.

ಬಚ್ಚಲಲ್ಲಿ ಮಾತ್ರ, ತಿನ್ನಲು ಏನೂ ಇಲ್ಲದ ಕಡೆ ಇರುವೆ ಕಂಡರೆ ಸ್ವಲ್ಪ ಗಮನ ಕೊಡಿ. ಗೋಡೆಯೊಳಗೆ ತೇವ ಇದೆಯಾ, ಟೈಲ್ಸ್ ಹಿಂದೆ ಪೊಳ್ಳು ಇದೆಯಾ ಅಂತ ಬೆರಳಿಂದ ಬಡಿದು ನೋಡಿ. ಪೊಳ್ಳು ಶಬ್ದ ಬಂದ ಟೈಲ್ಸ್ ಹಿಂದೆ ಗೂಡು ಇರುವ ಸಾಧ್ಯತೆ ಇದೆ.

ಮನೆಯೊಳಗಿನ ಕುಂಡದ ಗಿಡದ ಸುತ್ತ ಇರುವೆ ಓಡಾಡುತ್ತಿದ್ದರೆ ಎಲೆ ತಿರುಗಿಸಿ ನೋಡಿ. ಎಲೆಯ ಹಿಂಭಾಗದಲ್ಲಿ, ಎಳೆ ಚಿಗುರಿನ ಬುಡದಲ್ಲಿ ಸಣ್ಣ ಹಸಿರು ಅಥವಾ ಕಪ್ಪು ಹೇನುಗಳು, ಇಲ್ಲವೇ ಬಿಳಿ ಹತ್ತಿ ಅಂಟಿದಂತೆ ಕಾಣುವ ಹಿಟ್ಟು ತಿಗಣೆ ಇರುತ್ತವೆ. ಇವು ಗಿಡದ ರಸ ಹೀರಿ ಸಿಹಿಯಾದ ಅಂಟು ದ್ರವ ಬಿಡುತ್ತವೆ. ಇರುವೆಗೆ ಅದು ಬಲು ಇಷ್ಟ, ಅದಕ್ಕಾಗಿ ಆ ಹೇನುಗಳನ್ನು ಕಾಯುತ್ತವೆ ಕೂಡ. ಇಲ್ಲಿ ಇರುವೆಗೆ ಮದ್ದು ಹಾಕಿ ಹೇನು ಬಿಟ್ಟರೆ ಪ್ರಯೋಜನ ಇಲ್ಲ. ಎಲೆಗಳನ್ನು ಸೋಪು ನೀರಲ್ಲಿ ತೊಳೆಯಿರಿ, ಕೆಲವು ದಿನ ಬಿಟ್ಟು ಮತ್ತೆ ತೊಳೆಯಿರಿ. ಗೂಡು ಕುಂಡದ ಮಣ್ಣಿನಲ್ಲೇ ಇದ್ದರೆ ಇಡೀ ಕುಂಡವನ್ನು ಒಂದು ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಇರುವೆಗಳು ಮೇಲೆ ಬರುತ್ತವೆ.

ಸ್ವಿಚ್ ಬೋರ್ಡಿನಿಂದ ಬರುತ್ತಿದ್ದರೆ ದಯವಿಟ್ಟು ಅದರೊಳಗೆ ಏನನ್ನೂ ಸಿಂಪಡಿಸಬೇಡಿ. ನೀರೂ ಬೇಡ, ಸ್ಪ್ರೇಯೂ ಬೇಡ. ಕೆಲವು ಜಾತಿಗಳಲ್ಲಿ, ಶಾಕ್ ಹೊಡೆದ ಇರುವೆ ಬಿಡುವ ವಾಸನೆಗೆ ಇನ್ನಷ್ಟು ಇರುವೆಗಳು ನುಗ್ಗಿ ಬಂದು, ಸತ್ತವು ಗುಡ್ಡೆ ಬಿದ್ದು ಸ್ವಿಚ್ ಕೆಟ್ಟುಹೋಗುತ್ತದೆ. ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ ಶುಚಿ ಮಾಡಿಸಿ. ಮದ್ದು ಬೋರ್ಡಿನ ಹೊರಗೆ, ಅವು ಓಡಾಡುವ ದಾರಿಯಲ್ಲಿ ಇಟ್ಟರೆ ಸಾಕು.

ದೊಡ್ಡ ಇರುವೆಗಳು ಮರದ ಬಾಗಿಲು, ಕಿಟಕಿ, ತೊಲೆಯ ಬಳಿ ರಾತ್ರಿ ಹೊತ್ತು ಕಂಡರೆ, ಕೆಳಗೆ ನೆಲದ ಮೇಲೆ ಮರದ ಹೊಟ್ಟು ಬಿದ್ದಿದ್ದರೆ ಅವು ಬಡಗಿ ಇರುವೆ ಇರಬಹುದು. ನಮ್ಮ ಗೊದ್ದದ ಕುಲದವೇ. ಇವು ಮರ ತಿನ್ನುವುದಿಲ್ಲ, ಕೊರೆದು ಗೂಡು ಮಾಡಿ ಪುಡಿಯನ್ನು ಹೊರಗೆ ತಳ್ಳುತ್ತವೆ. ಆ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದರೆ ಮರದ ಎಳೆಗಳ ಜೊತೆ ಸತ್ತ ಹುಳುಗಳ ಕಾಲು, ರೆಕ್ಕೆ ತುಂಡುಗಳೂ ಸಿಗುತ್ತವೆ. ಸಾಮಾನ್ಯವಾಗಿ ಅವು ಆರಿಸಿಕೊಳ್ಳುವುದು ನೀರು ಕುಡಿದು ಮೆತ್ತಗಾದ ಮರವನ್ನು. ಅಂದರೆ ನಿಮ್ಮ ಮನೆಯಲ್ಲಿ ಇರುವೆಗಿಂತ ಮುಂಚಿನ ದೋಷ ಇನ್ನೊಂದಿದೆ, ಎಲ್ಲೋ ನೀರು ಸೋರುತ್ತಿದೆ. ಅದನ್ನು ಸರಿಮಾಡದೆ ಇದು ಮುಗಿಯುವುದಿಲ್ಲ.

ಇನ್ನು ರೆಕ್ಕೆಯ ಹುಳುಗಳು. ದೀಪದ ಸುತ್ತ ಮುತ್ತಿಕೊಂಡು ಬೆಳಿಗ್ಗೆ ರೆಕ್ಕೆ ಉದುರಿಸಿ ಬಿದ್ದಿದ್ದರೆ ಇರುವೆ ಅಂತ ತೀರ್ಮಾನಿಸುವ ಮುಂಚೆ ಒಂದನ್ನು ಕೈಗೆತ್ತಿಕೊಂಡು ನೋಡಿ. ಇರುವೆಯಾದರೆ ಸೊಂಟ ದಾರದಷ್ಟು ಸಣ್ಣ, ಮೀಸೆ ಮೊಣಕೈಯಂತೆ ಮಡಚಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಾದರೆ ಸೊಂಟವೇ ಇಲ್ಲ, ಮೀಸೆ ನೇರ, ನಾಲ್ಕೂ ರೆಕ್ಕೆ ಒಂದೇ ಅಳತೆ. ಗೆದ್ದಲಾಗಿದ್ದರೆ ಈ ಬರಹದ ಉಪಾಯಗಳು ಯಾವುದೂ ಕೆಲಸಕ್ಕೆ ಬರುವುದಿಲ್ಲ, ತಡಮಾಡದೆ ಗೆದ್ದಲಿನ ಚಿಕಿತ್ಸೆ ಮಾಡಿಸಿ.

ಸ್ಪ್ರೇ ಯಾಕೆ ಬೇಡ

ಇದರ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಮನೆಯೊಳಗಿನ ಇರುವೆಗೆ ಸ್ಪ್ರೇ ಮೊದಲ ಮದ್ದಲ್ಲ. ಮುಟ್ಟಿದ್ದನ್ನು ಕೊಲ್ಲುತ್ತದೆ, ನಿಜ. ಆದರೆ ಸಾಮಾನ್ಯ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಗುಂಪಿನ ಔಷಧ ಇರುವೆಗಳನ್ನು ದೂರ ಓಡಿಸುತ್ತದೆ. ಅವು ಆ ಜಾಗ ಬಿಟ್ಟು ಬೇರೆ ದಾರಿ ಹುಡುಕುತ್ತವೆ. ನಿಮ್ಮ ಸುಳಿವು ಹೋಯಿತು, ಗೂಡು ಹಾಗೇ ಉಳಿಯಿತು.

ಇದಕ್ಕಿಂತ ಕೆಟ್ಟದ್ದು ಫೇರೋ ಇರುವೆಯ ವಿಷಯದಲ್ಲಿ ಆಗುತ್ತದೆ. ಸುಮಾರು 2 ಮಿಲಿಮೀಟರ್ ಉದ್ದ, ತಿಳಿ ಹಳದಿ ಬಣ್ಣ, ಹೊಟ್ಟೆಯ ತುದಿ ಮಾತ್ರ ಕಪ್ಪಗೆ. ಬೆಚ್ಚಗಿನ ಕಟ್ಟಡಗಳ ಗೋಡೆ ಸಂದುಗಳಲ್ಲಿ ಇರುತ್ತವೆ, ಆಸ್ಪತ್ರೆಗಳಿಗೂ ದೊಡ್ಡ ತಲೆನೋವು. ಇವುಗಳ ಒಂದು ಗೂಡಿನಲ್ಲಿ ಅನೇಕ ರಾಣಿಗಳು ಇರುತ್ತವೆ. ಸ್ಪ್ರೇ ಹೊಡೆದು ಗಾಬರಿ ಮಾಡಿದರೆ ಕೆಲಸಗಾರರು ಮೊಟ್ಟೆ ಮರಿ ಹೊತ್ತುಕೊಂಡು, ಒಂದೆರಡು ರಾಣಿಗಳ ಜೊತೆ ಬೇರೆ ಗೋಡೆಗೆ ಹೋಗಿ ಹೊಸ ಗೂಡು ಕಟ್ಟುತ್ತವೆ. ಒಂದು ಗೂಡು ಇದ್ದದ್ದು ಮೂರಾಗುತ್ತದೆ. ಅಡುಗೆಮನೆಯಲ್ಲಿ ಸ್ಪ್ರೇ ಹೊಡೆದ ಮೇಲೆ ಮಲಗುವ ಕೋಣೆಯಲ್ಲೂ ಶುರುವಾಯಿತು ಅಂತ ಹೇಳುವವರ ಮನೆಯಲ್ಲಿ ಎಷ್ಟೋ ಸಲ ಇದೇ ಆಗಿರುತ್ತದೆ. ಸಣ್ಣ, ತಿಳಿ ಬಣ್ಣದ ಇರುವೆ ಕಂಡರೆ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ.

ಆಮಿಷ ಇಡುವುದು

ಕೆಲಸ ಮಾಡುವುದು ಇದು. ಬೆಳೆದ ಇರುವೆ ಗಟ್ಟಿ ತಿಂಡಿ ನುಂಗುವುದಿಲ್ಲ, ದ್ರವ ಮಾತ್ರ ಕುಡಿಯುತ್ತದೆ. ಕುಡಿದದ್ದನ್ನು ಹೊಟ್ಟೆಯೊಳಗಿನ ಒಂದು ಚೀಲದಲ್ಲಿ ಇಟ್ಟುಕೊಂಡು ಹೋಗಿ ಗೂಡಿನ ಉಳಿದ ಇರುವೆಗಳಿಗೆ ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗಳಿಗೆ, ರಾಣಿಗೆ ಎಲ್ಲಾ. ಈ ಹಂಚಿಕೆಯೇ ನಮಗೆ ದಾರಿ. ನಿಧಾನವಾಗಿ ಕೊಲ್ಲುವ ಮದ್ದನ್ನು ಅವುಗಳ ಕೈಯಲ್ಲೇ ಕಳಿಸಿದರೆ ರಾಣಿಯ ತನಕ ಮುಟ್ಟುತ್ತದೆ. ಬೇಗ ಕೊಲ್ಲುವ ಮದ್ದಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ.

ಮನೆಯಲ್ಲೇ ಮಾಡುವುದಾದರೆ ಬೋರಿಕ್ ಆಸಿಡ್ ಸಾಕು. 100 ಮಿಲಿಲೀಟರ್ ಬೆಚ್ಚಗಿನ ನೀರು, 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್. ಪೂರ್ತಿ ಕರಗುವ ತನಕ ಕಲಕಿ. 1 ಗ್ರಾಂ ಅಂದರೆ ಕಾಲು ಟೀ ಚಮಚದ ಆಸುಪಾಸು. ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತವೆ ಅಂತ ಅನಿಸುತ್ತದೆ ಅಲ್ವಾ? ಆಗುವುದು ಉಲ್ಟಾ. ಮದ್ದು ಗಟ್ಟಿಯಾದರೆ ಇರುವೆ ಮುಟ್ಟುವುದಿಲ್ಲ, ಮುಟ್ಟಿದವು ಗೂಡು ಸೇರುವ ಮೊದಲೇ ಸಾಯುತ್ತವೆ. ನೂರಕ್ಕೆ ಒಂದರಷ್ಟೇ ಇರಲಿ. ಬಾಟಲಿಯ ಮುಚ್ಚಳದಲ್ಲಿ ಹತ್ತಿ ಇಟ್ಟು ಅದು ನೆನೆಯುವಷ್ಟು ದ್ರವ ಹಾಕಿ, ಸಾಲಿನ ಪಕ್ಕದಲ್ಲಿ, ನೀವು ಪೆನ್ಸಿಲ್ ಗುರುತು ಹಾಕಿದ ಸಂದಿನ ಹತ್ತಿರ ಇಡಿ. ಒಂದೇ ಕಡೆ ದೊಡ್ಡದಾಗಿ ಇಡುವುದಕ್ಕಿಂತ ಮೂರು ನಾಲ್ಕು ಕಡೆ ಸಣ್ಣದಾಗಿ ಇಡುವುದು ಒಳ್ಳೆಯದು.

ಬೋರಿಕ್ ಆಸಿಡ್ ವಿಷ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಮುಚ್ಚಳವನ್ನು ತೆರೆದಿಡಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಇರುವೆ ಹೋಗುವಷ್ಟು ಸಣ್ಣ ತೂತು ಮಾಡಿ, ಒಳಗೆ ನೆನೆದ ಹತ್ತಿ ಇಟ್ಟು, ಮುಚ್ಚಿ ಟೇಪ್ ಸುತ್ತಿ, ಕೈಗೆ ಸಿಗದ ಕಡೆ ಇಡಿ. ಕಲಸಿದ ಚಮಚ, ಲೋಟ ಬೇರೆಯೇ ಇರಲಿ, ಉಳಿದ ದ್ರವದ ಬಾಟಲಿ ಮೇಲೆ ದೊಡ್ಡದಾಗಿ ವಿಷ ಅಂತ ಬರೆದು ಬೀಗದ ಕಪಾಟಿನಲ್ಲಿಡಿ. ಇಷ್ಟೆಲ್ಲಾ ಬೇಡ ಅನ್ನುವವರಿಗೆ ಅಂಗಡಿಯಲ್ಲಿ ಇರುವೆಗಂತಲೇ ಸಿಗುವ ಜೆಲ್ ಅಥವಾ ಮುಚ್ಚಿದ ಆಮಿಷದ ಡಬ್ಬಿ ಇದೆ. ಚಿಕ್ಕ ಮಕ್ಕಳ ಮನೆಗೆ ನಾನು ಹೇಳುವುದು ಮುಚ್ಚಿದ ಡಬ್ಬಿಯನ್ನೇ.

ಮೊದಲ ದಿನ ಇರುವೆಗಳು ಇನ್ನೂ ಜಾಸ್ತಿಯಾಗುತ್ತವೆ. ಮುಚ್ಚಳದ ಅಂಚಿಗೆ ತಲೆ ಬಗ್ಗಿಸಿ ಉಂಗುರದ ಹಾಗೆ ಸುತ್ತುಗಟ್ಟಿ ಕುಡಿಯುತ್ತಾ ನಿಲ್ಲುತ್ತವೆ. ಎಷ್ಟೋ ಜನ ಇಲ್ಲೇ ಗಾಬರಿಯಾಗಿ ಎಲ್ಲಾ ಒರೆಸಿ ಹಾಕಿಬಿಡುತ್ತಾರೆ. ದಯವಿಟ್ಟು ಬಿಡಿ, ಕುಡಿಯಲಿ. ಮದ್ದು ಸರಿಯಾಗಿ ಹೋಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಕೆಲವು ದಿನಗಳಲ್ಲಿ ಸಾಲು ತೆಳುವಾಗುತ್ತದೆ. ದೊಡ್ಡ ಗೂಡಾದರೆ, ರಾಣಿಗಳು ಹೆಚ್ಚಿದ್ದರೆ ಎರಡು ಮೂರು ವಾರ, ಒಮ್ಮೊಮ್ಮೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಅಷ್ಟೂ ದಿನ ಹತ್ತಿ ಒಣಗದ ಹಾಗೆ ನೋಡಿಕೊಳ್ಳಿ.

ಆಮಿಷ ಇಟ್ಟರೂ ಮುಟ್ಟುತ್ತಿಲ್ಲ ಅಂದರೆ

ಮೊದಲು ಸುತ್ತಮುತ್ತ ನೋಡಿ. ಅಲ್ಲೇ ಪಕ್ಕದಲ್ಲಿ ಇನ್ನೂ ರುಚಿಯಾದ ಏನೋ ಬಿದ್ದಿದ್ದರೆ ಇರುವೆ ನಿಮ್ಮ ಸಕ್ಕರೆ ನೀರಿಗೆ ಯಾಕೆ ಬರುತ್ತದೆ? ಕಸದ ಬುಟ್ಟಿ, ಒಲೆಯ ಕೆಳಗಿನ ಜಿಡ್ಡು, ಸಾಕುಪ್ರಾಣಿಯ ತಟ್ಟೆ ಶುಚಿ ಮಾಡಿ. ಆಮೇಲೆ, ಹಿಂದೆ ಸ್ಪ್ರೇ ಹೊಡೆದ ಜಾಗದಲ್ಲಿ ಆಮಿಷ ಇಟ್ಟಿದ್ದೀರಾ ಅಂತ ಯೋಚಿಸಿ. ಸ್ಪ್ರೇ ವಾಸನೆ ಇದ್ದರೆ ಹತ್ತಿರ ಸುಳಿಯುವುದಿಲ್ಲ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಆಮಿಷವನ್ನು ಸ್ವಲ್ಪ ದೂರ ಇಡಿ.

ಇದ್ಯಾವುದೂ ಅಲ್ಲದಿದ್ದರೆ ರುಚಿ ಬದಲಾಗಿದೆ. ಗೂಡಿನಲ್ಲಿ ಮರಿಗಳು ಹೆಚ್ಚಿರುವಾಗ ಇರುವೆಗಳಿಗೆ ಸಿಹಿಗಿಂತ ಪ್ರೋಟೀನ್ ಬೇಕು, ಕೆಲವು ಜಾತಿಗೆ ಎಣ್ಣೆ ಜಿಡ್ಡೇ ಇಷ್ಟ. ಒಂದು ಕಾಗದದ ಮೇಲೆ ಸ್ವಲ್ಪ ಸ್ವಲ್ಪ ದೂರದಲ್ಲಿ ಜೇನು, ಅಡುಗೆ ಎಣ್ಣೆ, ಬೇಯಿಸಿದ ಮೊಟ್ಟೆಯ ಚೂರು ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಯಾವುದಕ್ಕೆ ಮುತ್ತಿವೆಯೋ ಅದೇ ಬಗೆಯ ಆಮಿಷ ಕೊಡಿ. ಸಿಹಿ ಬಿಟ್ಟು ಬೇರೆಯದಕ್ಕೆ ಮುತ್ತಿದರೆ ಮನೆಯಲ್ಲಿ ಅಂದಾಜಿನ ಮೇಲೆ ಕಲಸಬೇಡಿ, ಪ್ರೋಟೀನ್ ಅಥವಾ ಎಣ್ಣೆಯ ಆಮಿಷ ಇರುವ ರೆಡಿಮೇಡ್ ಡಬ್ಬಿಯೇ ವಾಸಿ.

ಸಾಲು ನಿಂತ ಮೇಲೆ

ಈಗ ಒರೆಸಿ. ಸೋಪು ನೀರಿನಲ್ಲಿ, ಸಾಲು ಇದ್ದ ದಾರಿಯುದ್ದಕ್ಕೂ, ಕಟ್ಟೆಯ ಕೆಳಭಾಗದ ಅಂಚನ್ನೂ ಬಿಡದೆ. ವಿನೆಗರ್ ಕೂಡ ಆಗುತ್ತದೆ, ಆದರೆ ಮಾರ್ಬಲ್ ಮೇಲೆ ಹಾಕಬೇಡಿ, ಕಲೆ ಬೀಳುತ್ತದೆ.

ಆಮೇಲೆ ಗುರುತು ಹಾಕಿದ ತೂತು ಮುಚ್ಚಿ. ಪೈಪಿನ ಸುತ್ತ, ಸಿಂಕಿನ ಅಂಚಿಗೆ ಸಿಲಿಕೋನ್. ಟೈಲ್ಸ್ ಸಂದಿಗೆ ಗ್ರೌಟ್ ಅಥವಾ ಬಿಳಿ ಸಿಮೆಂಟ್. ಗೋಡೆ ಬಿರುಕಿಗೆ ಪುಟ್ಟಿ. ಬಾಗಿಲ ಕೆಳಗೆ ಬ್ರಷ್ ಅಥವಾ ರಬ್ಬರ್ ಪಟ್ಟಿ. ಒಂದು ಮಿಲಿಮೀಟರ್ ಸಂದಿದ್ದರೂ ಸಣ್ಣ ಇರುವೆಗೆ ಸಾಕು, ಹಾಗಾಗಿ ಮನೆಯ ಎಲ್ಲಾ ಸಂದು ಮುಚ್ಚಿಬಿಡುತ್ತೇನೆ ಅಂತ ಹೊರಟರೆ ಮುಗಿಯುವುದಿಲ್ಲ. ನಿಜವಾಗಿ ಓಡಾಟ ಇದ್ದ ಸಂದು ಮೊದಲು, ಉಳಿದವು ನಿಧಾನಕ್ಕೆ. ಹೊರಗಡೆ ಗೋಡೆಗೆ ತಾಗಿರುವ ಗಿಡದ ಕೊಂಬೆಗಳನ್ನು ಕತ್ತರಿಸಿ, ಅವು ಮಹಡಿಗೆ ನೇರ ಸೇತುವೆ. ಗೋಡೆಗೆ ಒರಗಿಸಿಟ್ಟ ಸೌದೆ, ಇಟ್ಟಿಗೆ ರಾಶಿಯನ್ನೂ ದೂರ ಸರಿಸಿ.

ಅರಿಶಿನ, ದಾಲ್ಚಿನ್ನಿ ಪುಡಿ, ನಿಂಬೆರಸದ ಬಗ್ಗೆ ಕೇಳುವವರು ತುಂಬಾ. ಇವು ಆ ದಾರಿಯನ್ನು ಸ್ವಲ್ಪ ಹೊತ್ತು ಕೆಡಿಸುತ್ತವೆ ಅಷ್ಟೇ, ಗೂಡಿಗೆ ಏನೂ ಆಗುವುದಿಲ್ಲ. ಆಮಿಷ ಇಟ್ಟಿರುವಾಗ ಹಾಕಿದರೆ ಕೆಲಸ ಕೆಡುತ್ತದೆ. ಇರುವೆ ಚಾಕ್‌ನಲ್ಲಿ ಕೀಟನಾಶಕ ಇರುತ್ತದೆ, ನೋಡಲು ಬರೆಯುವ ಸೀಮೆಸುಣ್ಣದ ತರಹವೇ ಇರುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯ ಇದೆ. ನನ್ನ ಪ್ರಕಾರ ಅದು ಮನೆಯಲ್ಲಿ ಇರಲೇಬಾರದು.

ಫೇರೋ ಇರುವೆ ಅಂತ ಖಾತ್ರಿಯಾಗಿ ಹಲವು ಮನೆಗಳಿರುವ ಕಟ್ಟಡದಲ್ಲಿ ಇದ್ದರೆ ಒಂದೇ ಮನೆಯವರು ಮದ್ದು ಇಟ್ಟು ಗೆಲ್ಲುವುದು ಕಷ್ಟ. ಅಕ್ಕಪಕ್ಕ, ಮೇಲೆ ಕೆಳಗಿನ ಮನೆಯವರನ್ನೂ ಸೇರಿಸಿ ಒಟ್ಟಿಗೆ ಮಾಡಿಸಿ. ಕೀಟ ನಿಯಂತ್ರಣದವರನ್ನು ಕರೆಸಿದರೆ ಸ್ಪ್ರೇ ಮಾಡುತ್ತೀರಾ, ಆಮಿಷ ಇಡುತ್ತೀರಾ ಅಂತ ಮೊದಲೇ ಕೇಳಿ. ಇರುವೆಯನ್ನು ನೋಡದೆ, ಸಾಲು ಎಲ್ಲಿದೆ ಅಂತ ಕೇಳದೆ ಬಂದ ಕೂಡಲೇ ಪಂಪ್ ಎತ್ತುವವರಿಗೆ ಬೇಡ ಅನ್ನಿ. ಮರದಲ್ಲಿ ಗೂಡು ಇದ್ದರೂ ಅಷ್ಟೇ, ಗೊತ್ತಿರುವವರೇ ಬರಬೇಕು.

ಮುಗಿಯಿತಾ ಇಲ್ಲವಾ ಅಂತ ತಿಳಿಯಲು ತಿಂಗಳಿಗೊಮ್ಮೆ ಹಳೇ ಗುರುತುಗಳ ಹತ್ತಿರ ಕಾಗದದ ಮೇಲೆ ಒಂದು ಹನಿ ಜೇನು ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಯಾರೂ ಇಲ್ಲದಿದ್ದರೆ ಎತ್ತಿ ಬಿಸಾಕಿ. ಒಂದೆರಡು ಇರುವೆ ಇದ್ದರೂ ಸಾಲು ಕಟ್ಟುವ ತನಕ ಕಾಯದೆ ಅವತ್ತೇ ಆಮಿಷ ಇಡಿ.